ಬಲೆಯ ಕಣ್ಣು

ಅಧ್ಯಕ್ಷರೆ, ತಂದೆಯವರ ನೆನಪಿಗೆ ಈ ದತ್ತಿಯನ್ನು ಇರಿಸಿದ ಕುಟುಂಬದವರೆ, ಅಧ್ಯಾಪಕ ಮಿತ್ರರೆ, ಕುರ್ಚಿ ಸಾಲದೆ ಹಿಂದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿಗಳೆ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಸಾಗರದ ವಿಸ್ಮಯ ಜೀವಿಗಳು’ ಎಂದು ಅಚ್ಚಾಗಿದೆ. ವಿಸ್ಮಯ ಎಂಬ ಪದ ಸಂಘಟಕರದ್ದು. ಅದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಇಂದು ನಾನು ಆರಿಸಿಕೊಂಡಿರುವುದು ಬೇರೊಂದು ಕತೆ. ‘ಅಲ್ಲಿ ಏನೂ ಇಲ್ಲ’ ಎಂದು ತಿಳಿದವರು ಹೇಳಿದ್ದು, ಅದೇ ಜಾಗದಿಂದ ಏನೋ ಒಂದು ಮೇಲೆದ್ದು ಬಂದದ್ದು – ಕಡಲ ವಿಜ್ಞಾನದಲ್ಲಿ ಇದು ಎಷ್ಟು ಸಲ ನಡೆದಿದೆ ಎಂಬ ಕತೆ.

ಮೂವತ್ತು ವರ್ಷಗಳ ಹಿಂದೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಲ್ಪೆ ಬಂದರಿಗೆ ಹೋಗಿದ್ದೆ. ಆ ವರ್ಷ ಬಂಗುಡೆ ಕಡಿಮೆ. ದಕ್ಕೆಯ ನೆರಳಿನಲ್ಲಿ ವಯಸ್ಸಾದವರೊಬ್ಬರು ಕಾಲ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು ಹರಿದ ಜಾಗ ಹೆಣೆಯುತ್ತಿದ್ದರು. ನಾನು ನನ್ನ ಮಕ್ಕಳಿಗೆ ದೊಡ್ಡ ದನಿಯಲ್ಲಿ, ‘ಈ ಸಲ ಕಡಲಲ್ಲಿ ಮೀನೇ ಇಲ್ಲ’ ಎಂದೆ. ಅವರು ತಲೆ ಎತ್ತದೆ, ‘ಇಲ್ಲ ಅಂತ ಹೇಳ್ಬೇಡಿ ಮಾಷ್ಟ್ರೆ. ಈ ಬಲೆಗೆ ಬೀಳ್ಲಿಲ್ಲ ಅಂತ ಹೇಳಿ’ ಎಂದರು. ಆಮೇಲೆ ಬಲೆಯ ಒಂದು ಕಣ್ಣಿಗೆ ಎರಡು ಬೆರಳು ತೂರಿಸಿ ತೋರಿಸಿದರು. ಅಂಜಲಿನ ಬಲೆ ಅದು. ಅದರಲ್ಲಿ ಬಂಗುಡೆ ನಿಲ್ಲುವುದಿಲ್ಲ, ನುಸುಳಿ ಹೋಗುತ್ತದೆ. ಆ ಬಲೆಯನ್ನೇ ನಂಬಿದವನಿಗೆ ಕಡಲಲ್ಲಿ ಬಂಗುಡೆ ಎಂಬ ಮೀನೇ ಇಲ್ಲ.

ಬಲೆಯ ತೂತಿಗೆ ‘ಕಣ್ಣು’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಕಡಲನ್ನು ಬಲೆ ಎಷ್ಟು ನೋಡಬಲ್ಲದು ಎಂಬುದನ್ನು ಅದರ ತೂತಿನ ಅಳತೆಯೇ ನಿರ್ಧರಿಸುತ್ತದೆ ಎಂದು ಅವರಿಗೆ ತಿಳಿದಿತ್ತು.

ಈಗ 1841ಕ್ಕೆ ಹೋಗೋಣ. ಎಡ್ವರ್ಡ್ ಫೋರ್ಬ್ಸ್ ಎಂಬ ತರುಣ ನಿಸರ್ಗ ವಿಜ್ಞಾನಿ ‘ಬೀಕನ್’ ಎಂಬ ಬ್ರಿಟಿಷ್ ಸರ್ವೆ ಹಡಗು ಹತ್ತಿ ಗ್ರೀಸ್ ಮತ್ತು ಟರ್ಕಿಗಳ ನಡುವಿನ ಏಜಿಯನ್ ಸಮುದ್ರಕ್ಕೆ ಹೋದ. ಕಬ್ಬಿಣದ ಚೌಕಟ್ಟಿಗೆ ಚೀಲ ಕಟ್ಟಿ ಹಗ್ಗದಲ್ಲಿ ತಳಕ್ಕಿಳಿಸಿ ಎಳೆಯುವುದು ಅವನ ಕೆಲಸ. ಆಳಕ್ಕೆ ಹೋದಂತೆ ಚೀಲದಲ್ಲಿ ಸಿಗುವ ಜೀವಿಗಳು ಕಡಿಮೆಯಾಗುತ್ತ ಬಂದವು. ಆಳವನ್ನು ಅವರು ಅಳೆಯುತ್ತಿದ್ದುದು ಫ್ಯಾದಮ್‌ನಲ್ಲಿ. ನಮ್ಮ ಮೀನುಗಾರರ ‘ಮಾರು’ ಕೂಡ ಅದೇ, ಎರಡೂ ಕೈ ಚಾಚಿದಷ್ಟು ಹಗ್ಗ. ಫೋರ್ಬ್ಸ್‌ನ ಚೀಲ ಇಳಿದದ್ದು ಹೆಚ್ಚೆಂದರೆ 230 ಮಾರು. ಆದರೆ ಕಡಿಮೆಯಾಗುತ್ತ ಬಂದದ್ದು ಹೀಗೆಯೇ ಮುಂದುವರಿದರೆ 300 ಮಾರಿನ ಹೊತ್ತಿಗೆ, ಅಂದರೆ ಸುಮಾರು 550 ಮೀಟರಿನಲ್ಲಿ, ಜೀವವೇ ಇರಲಾರದು ಎಂದು ಅವನು ಲೆಕ್ಕ ಹಾಕಿದ. ಅದರ ಕೆಳಗಿನದೆಲ್ಲ ನಿರ್ಜೀವ ವಲಯ. 1843ರಲ್ಲಿ ಅದು ಪ್ರಕಟವೂ ಆಯಿತು.

ಫೋರ್ಬ್ಸ್ ದಡ್ಡನಲ್ಲ. ಆ ಕಾಲದ ಅತ್ಯುತ್ತಮ ನಿಸರ್ಗ ವಿಜ್ಞಾನಿಗಳಲ್ಲಿ ಒಬ್ಬ. 39ಕ್ಕೇ ತೀರಿಕೊಳ್ಳದಿದ್ದರೆ ತನ್ನ ತಪ್ಪನ್ನು ತಾನೇ ತಿದ್ದುತ್ತಿದ್ದನೋ ಏನೋ. ಅವನ ದುರದೃಷ್ಟ ಎರಡು. ಏಜಿಯನ್ ಆಳದಲ್ಲಿ ನಿಜಕ್ಕೂ ಬಡ ಸಮುದ್ರ, ಅಲ್ಲಿ ಜೀವಿಗಳೇ ವಿರಳ. ಇನ್ನೊಂದು ಅವನ ಚೀಲ. ಅದರ ಬಾಯಿ ಕಿರಿದು, ಕಣ್ಣು ಸಣ್ಣದು. ತಳದ ಕೆಸರು ಒಳನುಗ್ಗಿದ ಕೂಡಲೇ ಕಣ್ಣುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ಒಳಗೆ ಏನೂ ಹೋಗುವಂತಿಲ್ಲ. ಕೆಸರು ಮೆತ್ತಿದ ಚೀಲದ ಸಾಕ್ಷ್ಯವನ್ನು ಅವನು ಕಡಲಿನ ಸಾಕ್ಷ್ಯ ಎಂದುಕೊಂಡ.

ನನಗೆ ಅಚ್ಚರಿ ಅವನ ತಪ್ಪಿನದಲ್ಲ, ಅದನ್ನು ಉಳಿದವರು ಒಪ್ಪಿಕೊಂಡ ಸಲೀಸಿನದು. ಅದಕ್ಕೂ ಮೊದಲೇ, 1818ರಲ್ಲಿ, ಜಾನ್ ರಾಸ್ ಎಂಬ ನಾವಿಕ ಉತ್ತರ ಧ್ರುವದ ಕಡೆಯ ಬ್ಯಾಫಿನ್ ಕೊಲ್ಲಿಯಲ್ಲಿ ಆಳ ಅಳೆಯಲು ಇಳಿಬಿಟ್ಟ ಹಗ್ಗಕ್ಕೆ ಕವಲುಕವಲು ತೋಳಿನ ನಕ್ಷತ್ರಮೀನಿನಂಥ ಜೀವಿಯೊಂದು ಸುತ್ತಿಕೊಂಡು ಬಂದಿತ್ತು. ಅಂಥ ಸಾಕ್ಷ್ಯ ಕಣ್ಣ ಮುಂದಿದ್ದರೂ ‘ಅಷ್ಟು ಕತ್ತಲೆ, ಅಷ್ಟು ಒತ್ತಡ, ಅಷ್ಟು ಚಳಿಯಲ್ಲಿ ಯಾರು ಬದುಕಿಯಾರು’ ಎಂಬ ಮಾತೇ ಗೆದ್ದಿತು. ಬುದ್ಧಿಗೆ ಒಪ್ಪುವ ತಪ್ಪಿಗೆ ಆಯುಸ್ಸು ಜಾಸ್ತಿ.

ಅದನ್ನು ಮುರಿದದ್ದು ಟೆಲಿಗ್ರಾಫ್ ತಂತಿ. ಮೆಡಿಟರೇನಿಯನ್ ತಳದಲ್ಲಿ ಸಾರ್ಡಿನಿಯಾದಿಂದ ಆಫ್ರಿಕಾಕ್ಕೆ ಹಾಕಿದ್ದ ಕೇಬಲ್ ಕೆಟ್ಟಿತು. 1860ರಲ್ಲಿ ಅದನ್ನು ಎತ್ತಿದಾಗ 1000 ಮಾರಿಗೂ ಮಿಕ್ಕಿದ ಆಳದಲ್ಲಿದ್ದ ತುಂಡುಗಳಿಗೆ ಹವಳಗಳು ಅಂಟಿಕೊಂಡಿದ್ದವು. ಬಲೆಗೆ ಬಿದ್ದದ್ದಾದರೆ ಮೇಲೆ ಬರುವಾಗ ದಾರಿಯಲ್ಲಿ ಸಿಕ್ಕಿರಬಹುದು ಎಂದು ವಾದಿಸಬಹುದಿತ್ತು. ಇಲ್ಲಿ ಹಾಗಿಲ್ಲ. ಬುಡ ಕಚ್ಚಿಕೊಂಡು ಬೆಳೆದ ಹವಳ ಅಲ್ಲಿಯೇ ಬೆಳೆದದ್ದು.

ಆ ಮೇಲೆ ‘ಚಾಲೆಂಜರ್’ ಹಡಗು. 1872ರ ಡಿಸೆಂಬರಿನಿಂದ 1876ರ ಮೇವರೆಗೆ ಭೂಮಿ ಸುತ್ತಿ ಸುಮಾರು 4700 ಹೊಸ ಜೀವಿಗಳನ್ನು ತಂದಿತು. ಅದರ ವರದಿಯೇ 50 ಸಂಪುಟ. ಪಠ್ಯಪುಸ್ತಕಗಳಲ್ಲಿ ಇದನ್ನು ವೀರಗಾಥೆಯಂತೆ ಬರೆಯುತ್ತಾರೆ. ಹಗ್ಗ ಎಳೆದ ನಾವಿಕರಿಗೆ ಮಾತ್ರ ಅದು ಬೇಸರದ ಪರಮಾವಧಿ. ಒಂದೊಂದು ಸಲ ಬಲೆ ಇಳಿಸಿ ಏರಿಸಲು ಇಡೀ ದಿನ ಹಿಡಿಯುತ್ತಿತ್ತು, ಕೊನೆಗೆ ಸಿಗುವುದು ಒಂದು ಬುಟ್ಟಿ ಕೆಸರು. ನಮ್ಮ ನೀರಿನಲ್ಲಿಯೂ ಇಂಥ ಕೆಲಸ ನಡೆದಿದೆ. ಆಲ್‌ಫ್ರೆಡ್ ಆಲ್ಕಾಕ್ ಎಂಬ ವೈದ್ಯ 1888ರಿಂದ ‘ಇನ್‌ವೆಸ್ಟಿಗೇಟರ್’ ಹಡಗಿನಲ್ಲಿದ್ದುಕೊಂಡು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡರಲ್ಲೂ ಆಳದ ಮೀನುಗಳನ್ನು ಸಂಗ್ರಹಿಸಿದರು. ಮುಂದೆ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಮುಖ್ಯಸ್ಥರಾದರು. 1902ರಲ್ಲಿ ಅವರು ಬರೆದ ‘ಎ ನ್ಯಾಚುರಲಿಸ್ಟ್ ಇನ್ ಇಂಡಿಯನ್ ಸೀಸ್’ ಇಂದಿಗೂ ಓದಿಸಿಕೊಳ್ಳುವ ಪುಸ್ತಕ. ಕನ್ನಡಕ್ಕೆ ತರುವ ಉತ್ಸಾಹಿಗಳು ಈ ಸಭೆಯಲ್ಲಿ ಇದ್ದರೆ ಆಮೇಲೆ ನನ್ನನ್ನು ಕಾಣಿ.

ಇಲ್ಲಿಯವರೆಗೆ ಹೇಳಿದ್ದು ಬಲೆ ತಲುಪದ ಆಳದ ಮಾತು. ಬಲೆ ತಲುಪಿದ ಕಡೆಯೂ ಕಾಣದೆ ಹೋಗುವವು ಇವೆ.

1980ರ ದಶಕದ ನಡುವೆ ಅಮೆರಿಕದ ಸ್ಯಾಲಿ ಚಿಶೋಮ್ ಮತ್ತು ರಾಬ್ ಓಲ್ಸನ್ ಎಂಬ ವಿಜ್ಞಾನಿಗಳು ರಕ್ತಕಣ ಎಣಿಸುವ ಆಸ್ಪತ್ರೆಯ ಯಂತ್ರದ ಜಾತಿಯದೊಂದನ್ನು ಹಡಗಿಗೆ ಹೇರಿದರು. ಒಂದೊಂದೇ ಕಣವನ್ನು ಲೇಸರ್ ಬೆಳಕಿನ ಮುಂದೆ ಸಾಲಾಗಿ ಹಾಯಿಸಿ, ಅದು ಹೊರಸೂಸುವ ಹೊಳಪನ್ನು ಅಳೆಯುವ ಯಂತ್ರ ಅದು. ಕಡಲ ನೀರು ಹಾಕಿದರೆ ಪರದೆಯ ಮೂಲೆಯಲ್ಲಿ ಸದಾ ಒಂದಿಷ್ಟು ಮಸುಕು ಚುಕ್ಕಿಗಳು. ಮೊದಲು ಅವರು ಅದನ್ನು ಯಂತ್ರದ ಗದ್ದಲ ಎಂದುಕೊಂಡರು, ಹಳೆಯ ರೇಡಿಯೋದ ಗೊರಗೊರ ಇದ್ದ ಹಾಗೆ. ಆದರೆ ಈ ಗದ್ದಲ ನೀರಿನ ಆಳಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಯಂತ್ರದ ದೋಷಕ್ಕೆ ಆಳ ಹೇಗೆ ಗೊತ್ತಾದೀತು? ಹುಡುಕಿದಾಗ ಸಿಕ್ಕಿದ್ದು ಒಂದು ಜೀವಿ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು, ಪಚ್ಚೆ ಗಿಡದಂತೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವಂಥದ್ದು. ಪ್ರೋಕ್ಲೋರೋಕಾಕಸ್ ಎಂದು ಅದರ ಹೆಸರು. ಬೆಚ್ಚಗಿನ ಸಾಗರದ ಒಂದು ಮಿಲಿಲೀಟರ್ ನೀರಿನಲ್ಲಿ ಇಂಥವು ಒಂದು ಲಕ್ಷದವರೆಗೆ ಇರಬಹುದು. ಬಿಸಿಲುಂಡು ಬದುಕುವ ಜೀವಿಗಳಲ್ಲಿ ಭೂಮಿಯ ಮೇಲೆ ಎಣಿಕೆಯಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಚಂದ್ರನ ಮೇಲೆ ಮನುಷ್ಯ ನಡೆದು ಬಂದ ಎಷ್ಟೋ ವರ್ಷಗಳ ನಂತರವೂ ಅದು ನಮಗೆ ಗೊತ್ತಿರಲಿಲ್ಲ. ಪಾಚಿ ಹಿಡಿಯುವ ಬಲೆಗಳ ಕಣ್ಣು ಅದಕ್ಕೆ ಹೆಬ್ಬಾಗಿಲು.

ಇನ್ನೊಂದು ಬಗೆಯದು ಬಲೆಯನ್ನೇ ನೋಡಿ ಓಡುವ ಜೀವಿ.

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಕ್ಯಾಲಿಫೋರ್ನಿಯಾದ ಬಳಿ ಅಮೆರಿಕದ ಭೌತವಿಜ್ಞಾನಿಗಳು ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ನೀರಿನೊಳಗೆ ಶಬ್ದ ಹರಿಸಿ ಮಾರ್ದನಿ ಕೇಳುತ್ತಿದ್ದರು. ಸಮುದ್ರದ ತಳ ಸಾವಿರಾರು ಮೀಟರ್ ಕೆಳಗಿದ್ದರೂ ಮುನ್ನೂರು ನಾನ್ನೂರು ಮೀಟರಿನಲ್ಲೇ ಎಂಥದೋ ತಳ ಇದ್ದಂತೆ ಶಬ್ದ ಮರಳಿ ಬರುತ್ತಿತ್ತು. ಸಂಜೆಯಾದರೆ ಆ ತಳ ಮೇಲಕ್ಕೆ ಏರುವುದು, ಬೆಳಗಾದರೆ ಇಳಿಯುವುದು! 1945ರಲ್ಲಿ ಮಾರ್ಟಿನ್ ಜಾನ್ಸನ್ ಎಂಬ ಜೀವವಿಜ್ಞಾನಿ ಇದು ತಳವಲ್ಲ, ಜೀವಿಗಳ ಹಿಂಡು ಎಂದು ತೋರಿಸಿದರು. ಹಗಲಿನ ಬೆಳಕಿನಲ್ಲಿ ಬೇಟೆಗಾರರ ಕಣ್ಣಿಗೆ ಬೀಳಬಾರದೆಂದು ಕತ್ತಲೆಗೆ ಇಳಿದು, ರಾತ್ರಿ ಉಣ್ಣಲು ಮೇಲೆ ಬರುವ ಕೋಟಿ ಕೋಟಿ ಜೀವಿಗಳು. ಆಫ್ರಿಕಾದ ಹುಲ್ಲುಗಾವಲಿನ ಪ್ರಾಣಿಗಳ ವಲಸೆಯನ್ನು ಟಿವಿಯಲ್ಲಿ ನೋಡಿ ಬೆರಗಾಗುತ್ತೇವಲ್ಲ, ಅದು ವರ್ಷಕ್ಕೊಮ್ಮೆ. ಇದು ದಿನಕ್ಕೆರಡು ಸಲ.

ಆ ಹಿಂಡಿನಲ್ಲಿ ಮುಖ್ಯವಾದದ್ದು ಬೆರಳುದ್ದದ ಒಂದು ಮೀನು. ಹೊಟ್ಟೆಯ ಕೆಳಗೆ ಸಾಲಾಗಿ ಬೆಳಕಿನ ಗುಂಡಿಗಳಿರುವುದರಿಂದ ಲಾಂದ್ರ ಮೀನು ಎನ್ನೋಣ. ಮೇಲಿನಿಂದ ಸೋಸಿ ಬರುವ ಮಬ್ಬು ಬೆಳಕಿಗೆ ಸರಿಹೊಂದುವಷ್ಟೇ ಹೊಳಪನ್ನು ಹೊಟ್ಟೆಯಡಿ ಹೊತ್ತಿಸಿಕೊಳ್ಳುತ್ತದೆ. ಕೆಳಗಿನಿಂದ ನೋಡುವ ಶತ್ರುವಿಗೆ ಅದರ ನೆರಳು ಕಾಣದು. ದೀಪ ಹಚ್ಚಿಕೊಂಡು ಅಡಗುವ ಉಪಾಯ! ನಮ್ಮ ಅರಬ್ಬಿ ಸಮುದ್ರ ಈ ಮೀನಿಗೆ ಹೆಸರಾದ ಜಾಗ. ಇಲ್ಲಿ ಇನ್ನೊಂದು ವಿಶೇಷವೂ ಇದೆ. ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ ಅರಬ್ಬಿ ಸಮುದ್ರದ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ದೊಡ್ಡ ಮೀನುಗಳು ಅಲ್ಲಿ ಹೆಚ್ಚು ಹೊತ್ತು ತಾಳಲಾರವು. ಲಾಂದ್ರ ಮೀನು ಹಗಲೆಲ್ಲ ಉಸಿರು ಕಟ್ಟುವ ಆ ಪದರದಲ್ಲೇ ಅಡಗಿ ಕುಳಿತು ಸಂಜೆ ಮೇಲೇರುತ್ತದೆ.

ಇಂಥ ನಡು ಆಳದ ಮೀನು ಜಗತ್ತಿನಲ್ಲಿ ಒಟ್ಟು ಎಷ್ಟಿದೆ? ಬಲೆ ಎಳೆದು ಹಾಕಿದ ಹಳೆಯ ಅಂದಾಜು ಸುಮಾರು 100 ಕೋಟಿ ಟನ್. 2010ರಲ್ಲಿ ಹೊರಟ ಸ್ಪೇನಿನ ಮಲಸ್ಪಿನಾ ಯಾನದವರು ಶಬ್ದದ ಮಾರ್ದನಿಯಿಂದ ಅಳೆದು 2014ರಲ್ಲಿ ಕೊಟ್ಟ ಲೆಕ್ಕ ಅದರ ಹತ್ತು ಪಟ್ಟು. ಮನುಷ್ಯರೆಲ್ಲ ಸೇರಿ ವರ್ಷಕ್ಕೆ ಹಿಡಿಯುವ ಮೀನು ಸುಮಾರು 9 ಕೋಟಿ ಟನ್ ಎಂದರೆ ಇದರ ಗಾತ್ರ ತಿಳಿದೀತು. ಹೊಸ ಲೆಕ್ಕದ ಬಗ್ಗೆ ಜಗಳ ಮುಗಿದಿಲ್ಲ. ಜೆಲ್ಲಿ ಜಾತಿಯ ಕೆಲವು ಪ್ರಾಣಿಗಳೂ ಮೀನಿನಂತೆಯೇ ಮಾರ್ದನಿ ಕೊಟ್ಟು ಮೋಸ ಮಾಡುತ್ತವೆ. ಆದರೆ ಹಳೆಯದು ಯಾಕೆ ಕಡಿಮೆ ಬಂತು ಎಂಬುದು ಸ್ಪಷ್ಟ. ಮೀನು ಬಲೆ ಬರುವುದನ್ನು ನೋಡಿ ಬದಿಗೆ ಸರಿಯುತ್ತಿತ್ತು. ನಾವು ಎಣಿಸಿದ್ದು ಸರಿಯಲು ಮರೆತವನ್ನು.

ಮೂರನೆಯ ಬಗೆಗೆ ಬರುತ್ತೇನೆ. ಮೀನು ಬಲೆಗೆ ಬೀಳುತ್ತದೆ, ಕೈಗೂ ಬರುತ್ತದೆ, ಗುರುತಿಸುವವರಿಲ್ಲ.

1938ರ ಡಿಸೆಂಬರ್ 22. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಎಂಬ ಬಂದರಿನ ಪುಟ್ಟ ಮ್ಯೂಸಿಯಂನಲ್ಲಿ ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್ ಎಂಬ ತರುಣಿ ಕೆಲಸಕ್ಕಿದ್ದರು. ಟ್ರಾಲರ್ ‘ನೆರೀನ್’ ಬಂದಿದೆ ಎಂದು ಫೋನ್ ಬಂತು. ನಾವಿಕರಿಗೆ ಕ್ರಿಸ್‌ಮಸ್ ಶುಭಾಶಯ ಹೇಳಿ ಬರೋಣ ಎಂದು ಹೋದರು. ತಾಟೆ, ತೊರಕೆಗಳ ರಾಶಿಯ ನಡುವಿನಿಂದ ಒಂದು ನೀಲಿ ಈಜುರೆಕ್ಕೆ ಇಣುಕುತ್ತಿತ್ತು. ಸರಿಸಿ ನೋಡಿದರೆ ಐದಡಿ ಉದ್ದ, 57 ಕಿಲೋ ತೂಕ, ಕೈಕಾಲುಗಳಂತೆ ದಪ್ಪ ಬುಡದ ರೆಕ್ಕೆಗಳು. ಅದನ್ನು ಹೇರಿಕೊಳ್ಳಲು ಟ್ಯಾಕ್ಸಿಯವನು ಒಪ್ಪಲಿಲ್ಲ, ನಾರುತ್ತದೆ ಎಂದ. ಜಗಳವಾಡಿ ಹೇರಿಸಿದರು. ಬೇಸಗೆಯ ಸೆಕೆ, ಇಡಲು ತಣ್ಣಗಿನ ಜಾಗವಿಲ್ಲ. ಶವಾಗಾರದವರೂ ಬೇಡವೆಂದರು. ಮೀನುತಜ್ಞ ಜೆ.ಎಲ್.ಬಿ. ಸ್ಮಿತ್ ಅವರಿಗೆ ಚಿತ್ರ ಬರೆದು ಕಾಗದ ಹಾಕಿದರೆ ಅವರು ರಜೆಯಲ್ಲಿ ಬೇರೆ ಊರಿನಲ್ಲಿದ್ದರು. ಉತ್ತರ ಬರುವ ಹೊತ್ತಿಗೆ ಕರುಳು ಒಳಾಂಗಗಳೆಲ್ಲ ಕಸಕ್ಕೆ ಹೋಗಿ ತೊಗಲು ಮಾತ್ರ ಉಳಿದಿತ್ತು. ಆ ಗೀಚು ಚಿತ್ರ ನೋಡಿಯೇ ಸ್ಮಿತ್ ದಂಗಾದರು. ಅದು ಸೀಲಕ್ಯಾಂತ್. ಡೈನೋಸಾರ್‌ಗಳ ಜೊತೆಗೇ, ಆರೂವರೆ ಕೋಟಿ ವರ್ಷಗಳ ಹಿಂದೆ, ಅಳಿಯಿತು ಎಂದು ಕಲ್ಲಚ್ಚುಗಳಿಂದ ತಿಳಿದಿದ್ದ ಮೀನು.

ಎರಡನೆಯದು ಸಿಗಲು 14 ವರ್ಷ ಬೇಕಾಯಿತು. 1952ರಲ್ಲಿ ಸಿಕ್ಕಿದ್ದು ಕೊಮೊರೊ ದ್ವೀಪಗಳಲ್ಲಿ. ಅಲ್ಲಿನ ಬೆಸ್ತರಿಗೆ ಅದೇನೂ ಹೊಸದಲ್ಲ, ‘ಗೊಂಬೆಸ್ಸಾ’ ಎಂದು ಹೆಸರೂ ಇತ್ತು. ಆಗೊಮ್ಮೆ ಈಗೊಮ್ಮೆ ಗಾಳಕ್ಕೆ ಬೀಳುವ, ತಿನ್ನಲು ರುಚಿಯಿಲ್ಲದ ಮೀನು. ಅದರ ಒರಟು ಹುರುಪೆಯಿಂದ ಸೈಕಲ್ ಟ್ಯೂಬು ಉಜ್ಜಿ ಪಂಕ್ಚರ್ ಹಾಕುತ್ತಿದ್ದರು ಎಂದೂ ಹೇಳುವುದುಂಟು. 1997ರಲ್ಲಿ ಇದೇ ಕತೆ ಇನ್ನೊಮ್ಮೆ. ಮಧುಚಂದ್ರಕ್ಕೆಂದು ಇಂಡೊನೇಷ್ಯಾಕ್ಕೆ ಹೋಗಿದ್ದ ಜೀವವಿಜ್ಞಾನಿ ಮಾರ್ಕ್ ಅರ್ಡ್‌ಮನ್ ದಂಪತಿಗೆ ಮನಾಡೊ ಊರಿನ ಮೀನು ಮಾರುಕಟ್ಟೆಯಲ್ಲಿ ತಳ್ಳುಗಾಡಿಯ ಮೇಲೆ ಸೀಲಕ್ಯಾಂತ್ ಕಂಡಿತು. ಅದು ಬೇರೆಯೇ ಪ್ರಭೇದ. ಅಲ್ಲಿಯವರು ಅದನ್ನು ‘ರಾಜಾ ಲಾವುತ್’, ಕಡಲ ರಾಜ, ಎನ್ನುತ್ತಿದ್ದರು. ‘ಪತ್ತೆಯಾಯಿತು’ ಎಂದು ಪತ್ರಿಕೆಯಲ್ಲಿ ಓದಿದಾಗೆಲ್ಲ, ಯಾರಿಗೆ ಪತ್ತೆಯಾಯಿತು ಎಂದು ಕೇಳಿಕೊಳ್ಳುವುದು ನನಗೆ ರೂಢಿಯಾಗಿದೆ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ. ಮೇಷ್ಟ್ರಾದ ಮೊದಲ ಹತ್ತು ವರ್ಷ ನಾನು ಹಲಗೆಯ ಮೇಲೆ ದೊಡ್ಡ ಸೂರ್ಯನನ್ನು ಬರೆದು, ಅಲ್ಲಿಂದ ಬಾಣ ಎಳೆದು, ಎಲ್ಲ ಅನ್ನವೂ ಇಲ್ಲಿಂದಲೇ ಎಂದು ಪಾಠ ಮಾಡುತ್ತಿದ್ದೆ. ಆ ಪಾಠ 1977ರಲ್ಲೇ ಹಳತಾಗಿತ್ತು. ನಾನು ನೋಟ್ಸ್ ಬದಲಿಸಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಭೂವಿಜ್ಞಾನಿಗಳ ತಂಡವೊಂದು ಕಡಲ ತಳದ ಬಿರುಕುಗಳಲ್ಲಿ ಬಿಸಿನೀರಿನ ಬುಗ್ಗೆ ಇದೆಯೇ ಎಂದು ಹುಡುಕುತ್ತಿತ್ತು. ಕ್ಯಾಮೆರಾ ಕಟ್ಟಿದ ಉಕ್ಕಿನ ಚೌಕಟ್ಟನ್ನು ಎರಡೂವರೆ ಕಿಲೋಮೀಟರ್ ಆಳದಲ್ಲಿ ಎಳೆದು 3000 ಚಿತ್ರ ತೆಗೆದರು. ಎಲ್ಲದರಲ್ಲೂ ಬರಿಯ ಕರಿ ಬಂಡೆ. ಉಷ್ಣಮಾಪಕ ಕೆಲವೇ ನಿಮಿಷ ಏರಿದ ಜಾಗದ 13 ಚಿತ್ರಗಳಲ್ಲಿ ಮಾತ್ರ ನೂರಾರು ಬಿಳಿ ಚಿಪ್ಪುಗಳು, ನಮ್ಮ ಮರುವಾಯಿಯ ದೊಡ್ಡಣ್ಣಂದಿರು. ಮರುದಿನ ಮೂವರು ಕೂರುವ ‘ಆಲ್ವಿನ್’ ಜಲಾಂತರ್ಗಾಮಿಯಲ್ಲಿ ಜ್ಯಾಕ್ ಕಾರ್ಲಿಸ್ ಮತ್ತು ಜೊತೆಯವರು ಇಳಿದರು. ಬಿರುಕಿನಿಂದ ಬೆಚ್ಚಗಿನ ನೀರು ಮಿನುಗುತ್ತ ಏರುತ್ತಿತ್ತು. ಅದರ ಸುತ್ತ ಚಿಪ್ಪುಗಳು, ಬಿಳಿ ಏಡಿಗಳು. ಮುಂದಿನ ಇಳಿತಗಳಲ್ಲಿ ಬಿಳಿ ಕೊಳವೆಯಿಂದ ಕೆಂಪು ಗರಿ ಚಾಚಿದ ಆಳೆತ್ತರದ ಹುಳುಗಳು. ಮರಳುಗಾಡಿನ ನಡುವೆ ಜಾತ್ರೆ ನೆರೆದ ಹಾಗೆ.

ತಮಾಷೆಯೆಂದರೆ ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಅಲ್ಲಿ ಜೀವಿಗಳಿರುತ್ತವೆ ಎಂದು ಯಾರು ತಿಳಿದಿದ್ದರು? ಮಾದರಿಗಳನ್ನು ಕೆಡದಂತೆ ಇಡಲು ಬೇಕಾದಷ್ಟು ಫಾರ್ಮಲಿನ್ ಇರಲಿಲ್ಲ. ಕೆಲವನ್ನು ಪನಾಮಾದಲ್ಲಿ ಕೊಂಡಿದ್ದ ರಷ್ಯದ ವೋಡ್ಕಾದಲ್ಲಿ ಮುಳುಗಿಸಿ ತಂದರು. ವಿಜ್ಞಾನಕ್ಕೆ ಮದ್ಯದ ಕೊಡುಗೆ ಎಂಬ ವಿಷಯಕ್ಕೆ ಇನ್ನಾರಾದರೂ ದತ್ತಿ ಇಡಬಹುದು. ನೀರಿನ ಬಾಟಲಿಯ ಮುಚ್ಚಳ ತೆಗೆದರೆ ಪ್ರಯೋಗಶಾಲೆಯ ತುಂಬ ಕೊಳೆತ ಮೊಟ್ಟೆಯ ನಾತ. ಹೈಡ್ರೋಜನ್ ಸಲ್ಫೈಡ್. ಗುಟ್ಟು ಆ ನಾತದಲ್ಲಿತ್ತು.

ಆ ಕೆಂಪು ಹುಳುವಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ. ಹಾಗಾದರೆ ಉಣ್ಣುವುದು ಹೇಗೆ? 1980ರಲ್ಲಿ ಸ್ಮಿತ್ಸೋನಿಯನ್‌ನ ಹುಳುತಜ್ಞ ಮೆರೆಡಿತ್ ಜೋನ್ಸ್ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಡುತ್ತಿದ್ದರು. ಮಾತಿನ ನಡುವೆ, ಹುಳುವನ್ನು ಕೊಯ್ದಾಗ ಒಳಗೆ ಗಂಧಕದ ಹರಳುಗಳು ಸಿಕ್ಕಿದವು ಎಂದರು. ಆಗಷ್ಟೇ ಸಂಶೋಧನೆಗೆ ಸೇರಿದ್ದ ಕಾಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು, ಹಾಗಾದರೆ ಅದರೊಳಗೆ ಗಂಧಕ ಉಣ್ಣುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. ಜೋನ್ಸ್ ಅಷ್ಟಾಗಿ ಒಪ್ಪಲಿಲ್ಲ. ಆದರೆ ಆಮೇಲೆ ಹುಳುವಿನ ಒಂದು ತುಂಡನ್ನು ಅವರಿಗೆ ಕೊಟ್ಟರು. ಇದು ದೊಡ್ಡತನ. 1981ರ ಹೊತ್ತಿಗೆ ವಿದ್ಯಾರ್ಥಿನಿಯ ಮಾತೇ ಸರಿಯೆಂದು ಸಾಬೀತಾಯಿತು. ಹುಳುವಿನ ಮೈತುಂಬ ಬ್ಯಾಕ್ಟೀರಿಯಾ. ಕೆಂಪು ಗರಿ ನೀರಿನಿಂದ ಆಮ್ಲಜನಕವನ್ನೂ ಆ ನಾತದ ಸಲ್ಫೈಡನ್ನೂ ಒಟ್ಟಿಗೆ ಹೀರಿ, ರಕ್ತದಲ್ಲಿ ಹೊತ್ತು ಒಳಗಿನ ಬಾಡಿಗೆದಾರರಿಗೆ ಮುಟ್ಟಿಸುತ್ತದೆ. ಅವು ಸಲ್ಫೈಡನ್ನು ‘ಉರಿಸಿ’ ಅಡುಗೆ ಮಾಡಿ, ಬಾಡಿಗೆಯಾಗಿ ಅನ್ನ ಕೊಡುತ್ತವೆ. ಬಿಸಿಲಿಲ್ಲದ ಕಡೆ ಒಲೆಯ ಉರಿ ಭೂಮಿಯ ಒಡಲಿನದು.

ನೋಟ್ಸ್ ತಿದ್ದಿದ ಮೇಲೆ ನಾನು ಇನ್ನೊಂದು ತುದಿಗೆ ಹೋಗಿ, ಆ ಲೋಕಕ್ಕೆ ಸೂರ್ಯನೇ ಬೇಡ ಎಂದು ಪಾಠ ಮಾಡತೊಡಗಿದೆ. ಅದೂ ಪೂರ್ತಿ ಸರಿಯಲ್ಲ. ಹುಳುವಿಗೆ ಬೇಕಾದ ಆಮ್ಲಜನಕ ಬಂದದ್ದು ಮೇಲಿನ ಹಸಿರಿನಿಂದ. ಆ ಪ್ರೋಕ್ಲೋರೋಕಾಕಸ್ ಎಂಬ ‘ಗದ್ದಲ’ದ ಪಾಲೂ ಅದರಲ್ಲಿದೆ.

ನಮ್ಮ ಹಿಂದೂ ಮಹಾಸಾಗರದ ತಳದ ಏಣುಗಳಲ್ಲೂ ಇಂಥ ಬುಗ್ಗೆಗಳಿವೆ. 2001ರಲ್ಲಿ ಅಲ್ಲಿನ ಕೈರೆಯ್ ಎಂಬ ಬುಗ್ಗೆಯ ಬಳಿ ಒಂದು ಬಸವನಹುಳು ಸಿಕ್ಕಿತು. ಅಂಗೈಗಿಂತ ಚಿಕ್ಕದು. ಚಿಪ್ಪಿನ ಹೊರ ಪದರ ಕಬ್ಬಿಣದ ಸಲ್ಫೈಡಿನದು. ಕಾಲಿಗೂ ಕಬ್ಬಿಣದ ಹುರುಪೆಗಳು, ಯಕ್ಷಗಾನದ ವೇಷಧಾರಿ ಕಟ್ಟಿಕೊಳ್ಳುವ ಕವಚದಂತೆ ಒಂದರ ಮೇಲೊಂದು. ಮೈಗೆ ಕಬ್ಬಿಣ ತೊಟ್ಟುಕೊಳ್ಳುವ ಇನ್ನೊಂದು ಪ್ರಾಣಿ ನಮಗೆ ಗೊತ್ತಿಲ್ಲ. 2019ರಲ್ಲಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿತು. ಆಳಸಮುದ್ರದ ಗಣಿಗಾರಿಕೆಯ ಭಯದಿಂದ ಆ ಪಟ್ಟಿ ಸೇರಿದ ಮೊದಲ ಜೀವಿ ಅದೇ. ಬುಗ್ಗೆಗಳ ಸುತ್ತ ತಾಮ್ರ, ಸತು, ಚಿನ್ನ, ಬೆಳ್ಳಿ ಗಟ್ಟಿಯಾಗಿ ಕೂತಿರುತ್ತವೆ. ಆ ಏಣುಗಳಲ್ಲಿ ಶೋಧನೆಗೆ ಚೀನಾ, ಕೊರಿಯಾ, ಜರ್ಮನಿ ಒಪ್ಪಂದ ಮಾಡಿಕೊಂಡಿವೆ. 2016ರಲ್ಲಿ ನಮ್ಮ ದೇಶವೂ 10,000 ಚದರ ಕಿಲೋಮೀಟರಿಗೆ, 15 ವರ್ಷದ ಅವಧಿಗೆ, ಸಹಿ ಹಾಕಿದೆ.

ಲೋಹ ಬೇಡವೆನ್ನುವ ಸನ್ಯಾಸಿ ನಾನಲ್ಲ. ಈ ಮೈಕಿನ ತಂತಿಯೂ ತಾಮ್ರದ್ದೇ. ಆದರೆ ಗಣಿಗೆ ಮೊದಲು ಪರಿಸರ ವರದಿಯೊಂದು ತಯಾರಾಗುತ್ತದೆ. ಆ ವರದಿಯಲ್ಲಿ ‘ಸದರಿ ಪ್ರದೇಶದಲ್ಲಿ ಗಮನಾರ್ಹ ಜೀವಿಗಳು ಕಂಡುಬಂದಿಲ್ಲ’ ಎಂಬ ಸಾಲು ಬಂದರೆ, ಎಷ್ಟು ಸಲ ಬಲೆ ಇಳಿಸಿದಿರಿ, ಅದರ ಕಣ್ಣು ಎಷ್ಟಿತ್ತು, ಕೆಸರು ಮೆತ್ತಿತ್ತೇ ಎಂದು ಕೇಳುವವರು ಬೇಕು. 3000ದಲ್ಲಿ 13 ಚಿತ್ರ ಎಂಬ ಲೆಕ್ಕ ಅವರಿಗೆ ನೆನಪಿರಬೇಕು.

ಅಧ್ಯಕ್ಷರು ಎರಡನೆಯ ಸಲ ಚೀಟಿ ಕಳಿಸಿದ್ದಾರೆ. ಹೊರಗೆ ಕತ್ತಲಾಗಿದೆ, ಲಾಂದ್ರ ಮೀನುಗಳು ಮೇಲೆ ಬಂದಿರುವ ಹೊತ್ತು. ಪ್ರಶ್ನೆಗಳಿಗೆ ಹತ್ತು ನಿಮಿಷವಿದೆ ಎನ್ನುತ್ತಾರೆ. ಹಿಂದೆ ಗೋಡೆಗೆ ಒರಗಿದವರಿಂದಲೇ ಶುರುವಾಗಲಿ. ನೀವಂತೂ ಎದ್ದು ನಿಂತೇ ಇದ್ದೀರಿ.